ಹಳೆಯ ನಾಟಕ, ಎಳೆಯ ನಟರು: ಭಾಷೆಯನ್ನು ಸರಳಗೊಳಿಸಬೇಕೇ?

ಓದುಗರ ಪ್ರಶ್ನೆ: ಆರರಿಂದ ಎಂಟನೇ ತರಗತಿಯ ಮಕ್ಕಳಿಂದ ಶೇಕ್ಸ್‌ಪಿಯರ್, ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಅಥವಾ ಕಾಳಿದಾಸನ ಒಂದು ನಾಟಕವನ್ನು ಆಡಿಸಬೇಕೆಂದಿದ್ದೇನೆ. ಆ ಭಾಷೆ ಮಕ್ಕಳ ಬಾಯಿಗೆ ಒಗ್ಗುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಮಾತುಗಳನ್ನೆಲ್ಲ ಇಂದಿನ ಆಡುಮಾತಿನಲ್ಲಿ ಹೊಸದಾಗಿ ಬರೆದುಕೊಳ್ಳುವುದು ಒಳ್ಳೆಯದೇ?

ಉತ್ತರ: ಬೇಡ. ನಾಟಕವನ್ನು ಧಾರಾಳವಾಗಿ ಕತ್ತರಿಸಿಕೊಳ್ಳಿ, ಆದರೆ ಕತ್ತರಿಸಿ ಉಳಿದ ಮಾತನ್ನು ತೆಳುವಾಗಿಸಬೇಡಿ. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ಕಷ್ಟದ ಪದಕ್ಕೆ ಹೆದರುವವರಲ್ಲ. ತಾವು ಏನು ಹೇಳುತ್ತಿದ್ದೇವೆಂದು ತಿಳಿಯದೆ ನಾಲ್ಕು ಜನರ ಮುಂದೆ ನಿಲ್ಲುವುದಕ್ಕೆ ಹೆದರುವವರು. ಈ ಎರಡು ಭಯಗಳನ್ನು ಒಂದೇ ಎಂದು ತಿಳಿದಾಗಲೇ ನಾವು ನಾಟಕವನ್ನು ತಿದ್ದಿ ಬರೆಯಲು ಕೂರುತ್ತೇವೆ. ಲಯವಿರುವ ಸಾಲು ಬಾಯಿಗೆ ಬೇಗ ಕೂರುತ್ತದೆ, ಒಂದು ಪದ ಬಿಟ್ಟುಹೋದರೆ ಲಯವೇ ಎಚ್ಚರಿಸುತ್ತದೆ. ಅದನ್ನು ಸಾದಾ ಗದ್ಯಕ್ಕೆ ಇಳಿಸಿದರೆ ಮಕ್ಕಳ ಕೆಲಸ ಹಗುರಾಗುವ ಬದಲು ನೆನಪಿಗಿದ್ದ ಆಸರೆಯೇ ತಪ್ಪಿಹೋಗುತ್ತದೆ.

ಅನುವಾದದಲ್ಲಿ ಆಡಿಸುವುದಾದರೆ ಮೊದಲ ಕೆಲಸ ಅನುವಾದದ ಆಯ್ಕೆ, ಮತ್ತು ಅದನ್ನು ಕಿವಿಯಿಂದ ಮಾಡಬೇಕು. ಒಂದೇ ದೃಶ್ಯವನ್ನು ಎರಡು ಮೂರು ಅನುವಾದಗಳಲ್ಲಿ ಗಟ್ಟಿಯಾಗಿ ಓದಿ ನೋಡಿ. ಒಂದೇ ಉಸಿರಿನಲ್ಲಿ ಮುಗಿಯುವ, ಮುಖ್ಯವಾದ ಪದ ಸಾಲಿನ ಕೊನೆಗೆ ಬಂದು ನಿಲ್ಲುವ ಅನುವಾದವೇ ರಂಗಕ್ಕೆ ಒದಗುತ್ತದೆ. ಮೂಲ ನಾಟಕದ ಮೇಲೆ ಈಗ ಯಾರ ಹಕ್ಕೂ ಇಲ್ಲದಿದ್ದರೂ ಇತ್ತೀಚಿನ ಅನುವಾದಕ್ಕೆ ಹಕ್ಕುಸ್ವಾಮ್ಯ ಇರಬಹುದು, ಆದ್ದರಿಂದ ಆಡುವುದಕ್ಕೂ ಕತ್ತರಿಸುವುದಕ್ಕೂ ಅನುಮತಿ ಪಡೆದುಕೊಳ್ಳಿ.

ಇನ್ನು ಕತ್ತರಿ. ಶೇಕ್ಸ್‌ಪಿಯರ್ 1595-96ರ ಸುಮಾರಿಗೆ ಬರೆದ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಸುಮಾರು 2,100 ಸಾಲುಗಳಿವೆ. ‘ಹ್ಯಾಮ್ಲೆಟ್’ ಅದರ ಹತ್ತಿರ ಹತ್ತಿರ ಎರಡರಷ್ಟು. ಸೊಫೊಕ್ಲಿಸ್‌ನ ‘ಆಂಟಿಗನಿ’ ಸುಮಾರು 1,350. ನುರಿತ ನಟರು ಗಂಟೆಗೆ ಸಾವಿರ ಸಾಲಿನಷ್ಟು ಮಾತು ಆಡಿಯಾರು, ಮಕ್ಕಳು ಅಷ್ಟು ಆಡಲಾರರು. ಈ ವಯಸ್ಸಿನ ತಂಡಕ್ಕೆ ಒಂದು ಗಂಟೆಯ ಪ್ರಯೋಗ ಸಾಕು ಎಂಬುದು ನನ್ನ ಅಭಿಪ್ರಾಯ. ಅಂದರೆ ಏಳುನೂರು ಸಾಲಿನ ಆಸುಪಾಸಿನ ರಂಗಪಠ್ಯ. ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನ ಮೂರರಲ್ಲಿ ಎರಡು ಪಾಲು ಬಿಡಬೇಕೆಂದಾಗ ಕೈ ನಡುಗುವುದು ಸಹಜ. ಆದರೆ ಎಲ್ಲ ಕಡೆಯಿಂದ ಒಂದೊಂದು ಸಾಲು ಕಿತ್ತರೆ ನಾಟಕ ಬಡಕಲಾಗುತ್ತದೆ. ಇಡೀ ದೃಶ್ಯವನ್ನೋ ಉಪಕಥೆಯನ್ನೋ ಬಿಟ್ಟು, ಉಳಿದ ದೃಶ್ಯಗಳಿಗೆ ಉಸಿರಾಡಲು ಜಾಗ ಕೊಡುವುದು ಮೇಲು.

ದೀರ್ಘ ಮಾತುಗಳ ಒಳಗೆ ಕತ್ತರಿಸುವುದು ಹೇಗೆಂಬುದಕ್ಕೆ ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನ ಎರಡನೇ ಅಂಕದಲ್ಲಿ ಒಳ್ಳೆಯ ಉದಾಹರಣೆಯಿದೆ. ಯಕ್ಷರಾಣಿ ಟೈಟಾನಿಯಾ ತನ್ನ ಗಂಡ ಒಬೆರಾನನಿಗೆ, ನಮ್ಮಿಬ್ಬರ ಜಗಳದಿಂದ ಲೋಕಕ್ಕೇನಾಯಿತು ನೋಡು ಎಂದು ಮೂವತ್ತಕ್ಕೂ ಹೆಚ್ಚು ಸಾಲುಗಳಲ್ಲಿ ಹೇಳುತ್ತಾಳೆ: ಹೊಳೆಗಳು ಉಕ್ಕಿದವು, ತೆನೆ ಹೊಲದಲ್ಲೇ ಕೊಳೆಯಿತು, ಋತುಗಳು ತಮ್ಮ ಉಡುಪನ್ನು ಅದಲುಬದಲು ಮಾಡಿಕೊಂಡವು, ಮತ್ತು ಇಷ್ಟೆಲ್ಲ ಕೇಡಿಗೆ ತಂದೆತಾಯಿ ನಾವೇ. ಇಲ್ಲಿ ಹೊಳೆ, ಋತು, ಕೊನೆಯ ತಪ್ಪೊಪ್ಪಿಗೆ ಈ ಮೂರನ್ನು ಅವವೇ ಪದಗಳಲ್ಲಿ ಉಳಿಸಿದರೆ ಹತ್ತು ಹನ್ನೆರಡು ಸಾಲಿನಲ್ಲಿ ಮಾತಿನ ಏರಿಕೆ ಹಾಗೆಯೇ ನಿಲ್ಲುತ್ತದೆ. ಅದರ ಬದಲು ‘ನಮ್ಮ ಜಗಳದಿಂದ ಹವಾಮಾನ ಕೆಟ್ಟಿದೆ’ ಎಂದು ಬರೆದುಕೊಟ್ಟರೆ ಆ ಹುಡುಗಿಗೆ ಆಡುವುದಕ್ಕೇ ಏನೂ ಉಳಿಯುವುದಿಲ್ಲ. ಇನ್ನೊಂದು ಮಾತು: ಕತ್ತರಿಸುವ ಕೆಲಸವನ್ನೆಲ್ಲ ಮೊದಲ ವಾಚನಕ್ಕೆ ಮುಂಚೆಯೇ ಮುಗಿಸಿಬಿಡಿ. ಒಮ್ಮೆ ಕೊಟ್ಟ ಸಾಲನ್ನು ಆಮೇಲೆ ಕಿತ್ತುಕೊಂಡರೆ, ತಾನು ಚೆನ್ನಾಗಿ ಹೇಳಲಿಲ್ಲವೆಂದೇ ಕಿತ್ತುಕೊಂಡರು ಎಂದು ಮಗು ತಿಳಿಯುತ್ತದೆ. ಎಷ್ಟು ಸಮಾಧಾನ ಹೇಳಿದರೂ ಆ ನೋವು ಹೋಗುವುದಿಲ್ಲ.

ಹಾಗಾದರೆ ಆಡುಮಾತಿಗೆ ಜಾಗವೇ ಇಲ್ಲವೇ? ಇದೆ, ಆದರೆ ಅದು ತಾಲೀಮಿನಲ್ಲಿ. ಇದೇ ನಾಟಕದ ಮೂರನೇ ಅಂಕದಲ್ಲಿ ಗೆಳತಿಯರಾದ ಹರ್ಮಿಯಾ ಮತ್ತು ಹೆಲೆನಾ ಕಾಡಿನಲ್ಲಿ ಜಗಳವಾಡುತ್ತಾರೆ. ಹೆಲೆನಾ ಸಿಟ್ಟಿನಲ್ಲಿ ‘ಗೊಂಬೆ’ ಎಂದುಬಿಡುತ್ತಾಳೆ. ಅದು ತನ್ನ ಎತ್ತರಕ್ಕೆ ಹೇಳಿದ ಮಾತೆಂದು ಹರ್ಮಿಯಾ ಕೆರಳುತ್ತಾಳೆ, ನನ್ನ ಉಗುರು ನಿನ್ನ ಕಣ್ಣನ್ನು ಮುಟ್ಟಲಾರದಷ್ಟು ಕುಳ್ಳಿಯಲ್ಲ ನಾನು ಎನ್ನುತ್ತಾಳೆ. ನಾನು ಮಾಡಿಸಿದ ಒಂದು ಪ್ರಯೋಗದಲ್ಲಿ ಈ ಎರಡು ಪಾತ್ರಗಳನ್ನು ವಹಿಸಿದ್ದ ಹುಡುಗಿಯರು ಎರಡು ದಿನ ಈ ಮಾತುಗಳನ್ನು ಪಾಠ ಒಪ್ಪಿಸುವಂತೆ ಹೇಳಿದರು. ಮೂರನೇ ದಿನ ಪುಸ್ತಕ ಮುಚ್ಚಿಸಿ, ನಿಮ್ಮದೇ ಮಾತಿನಲ್ಲಿ ಜಗಳವಾಡಿ ಎಂದೆ. ಸಾಲಿನಲ್ಲಿ ಯಾವಾಗಲೂ ಮುಂದೆ ನಿಲ್ಲಿಸುತ್ತಾರೆ ಎಂದು ಒಬ್ಬಳು, ಯಾವಾಗಲೂ ಹಿಂದೆ ಕೂರಿಸುತ್ತಾರೆ ಎಂದು ಇನ್ನೊಬ್ಬಳು ಶುರುಮಾಡಿ, ಐದು ನಿಮಿಷದಲ್ಲಿ ದನಿ ಏರಿತು. ಆ ಬಿಸಿ ಆರುವ ಮೊದಲೇ, ಈಗ ಹರ್ಮಿಯಾಳ ಮಾತು ಹೇಳು ಎಂದೆ. ಉಗುರಿನ ಸಾಲು ಬಂದಾಗ ಅವಳು ತನಗೇ ಗೊತ್ತಿಲ್ಲದಂತೆ ತುದಿಗಾಲಿನಲ್ಲಿ ನಿಂತಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ನನಗೆ ಹೊಳೆಯುತ್ತಲೂ ಇರಲಿಲ್ಲ; ಪ್ರಯೋಗದಲ್ಲೂ ಅದನ್ನೇ ಉಳಿಸಿಕೊಂಡೆವು.

ಈ ವಯಸ್ಸಿನಲ್ಲಿ ಒಂದೇ ತರಗತಿಯ ಇಬ್ಬರ ನಡುವೆ ಒಂದು ಅಡಿ ಎತ್ತರದ ಅಂತರವಿರಬಹುದು. ಅದಕ್ಕೇ ಈ ದೃಶ್ಯ ಅವರಿಗೆ ಅಷ್ಟು ಹತ್ತಿರ. ಅದೇ ಕಾರಣಕ್ಕೆ, ಎತ್ತರ, ಬಣ್ಣ, ಮೈಕಟ್ಟಿನ ಮೇಲೆ ಮಾತು ಬರುವ ಪಾತ್ರವನ್ನು ಕೊಡುವ ಮೊದಲು ಆ ಮಗುವನ್ನು ಒಂಟಿಯಾಗಿ ಕರೆದು ಕೇಳಿ, ಬೇಡವೆಂದರೆ ಕಾರಣ ಕೇಳದೆ ಬೇರೆ ಪಾತ್ರ ಕೊಡಿ.

ಪಾತ್ರ ಹಂಚಿಕೆಯಲ್ಲಿ ನನ್ನ ಅನುಭವ ಹೇಳುವುದು ಇಷ್ಟು: ಮುಖ್ಯ ಪಾತ್ರವನ್ನು ಒಬ್ಬರಿಗೇ ಹೊರಿಸಬೇಡಿ. ಅಂಕಕ್ಕೊಬ್ಬರಂತೆ ಮೂವರು ಒಂದೇ ಪಾತ್ರವನ್ನು ಆಡಿ, ಪಾತ್ರದ ಗುರುತಾಗಿ ಒಂದೇ ಬಣ್ಣದ ಶಲ್ಯವನ್ನು ಒಬ್ಬರು ಇನ್ನೊಬ್ಬರಿಗೆ ಹೊದಿಸಿ ಹೋದರೆ ಪ್ರೇಕ್ಷಕರಿಗೆ ಗೊಂದಲವಾಗುವುದಿಲ್ಲ, ಒಬ್ಬ ಮಗುವಿಗೆ ಜ್ವರ ಬಂದರೂ ನಾಟಕ ನಿಲ್ಲುವುದಿಲ್ಲ. ಗಂಡುಮಕ್ಕಳ ದನಿ ಒಡೆಯುವ ಕಾಲವೂ ಇದೇ ಆದ್ದರಿಂದ ದೀರ್ಘ ಮಾತನ್ನು ಒಬ್ಬನ ಗಂಟಲಿಗೇ ಬಿಡುವುದು ಕ್ಷೇಮವಲ್ಲ. ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ಗ್ರೀಕ್ ನಾಟಕದ ಮೇಳದ, ಅಂದರೆ ಒಟ್ಟಾಗಿ ಹಾಡುವ ಗುಂಪಿನ, ಕಡೆ ನೋಡಿ. ಸೊಫೊಕ್ಲಿಸ್‌ನ ಮೇಳದಲ್ಲಿ ಹದಿನೈದು ಜನರಿದ್ದರು, ಮಾತಾಡುವ ನಟರು ಮೂವರೇ. ನಾಚುವ ಮಗುವಿಗೆ ಮೇಳದ ನಡುವೆ ನಿಂತು ಮೊದಲ ಬಾರಿ ದನಿ ಎತ್ತುವುದು ಬಹಳ ಸುಲಭ. ಗ್ರೀಕ್ ನಾಟಕಗಳಲ್ಲಿ ಸಾವು ಸಾಮಾನ್ಯವಾಗಿ ರಂಗದ ಹೊರಗೆ ನಡೆದು, ದೂತನೊಬ್ಬ ಬಂದು ಅದನ್ನು ವರದಿ ಮಾಡುತ್ತಾನೆ. ಕತ್ತಿಕಾಳಗ ಕಲಿಸುವ ತೊಂದರೆಯಿಲ್ಲದೆ, ಕೇವಲ ಮಾತಿನಿಂದ ಸಭೆಯನ್ನು ನಿಶ್ಶಬ್ದಗೊಳಿಸುವ ಅವಕಾಶ ಆ ಮಗುವಿಗೆ ಸಿಗುತ್ತದೆ.

ರಂಗಸಜ್ಜಿಕೆಗೆ ಹೆಚ್ಚು ಹಣವನ್ನಾಗಲಿ ಸಮಯವನ್ನಾಗಲಿ ಹಾಕಬೇಡಿ. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಮೊದಲ ಅಂಕದಲ್ಲಿ ರಥವೂ ಇದೆ, ಗಿಡಕ್ಕೆ ನೀರೆರೆಯುವುದೂ ಇದೆ, ಶಕುಂತಲೆಯನ್ನು ಕಾಡುವ ದುಂಬಿಯೂ ಇದೆ, ಇವನ್ನೆಲ್ಲ ಅಭಿನಯದಿಂದಲೇ ತೋರಿಸುವುದು ಸಂಸ್ಕೃತ ರಂಗದ ಪದ್ಧತಿ. ಇಲ್ಲದ ದುಂಬಿಯನ್ನು ನಾಲ್ಕು ಮಕ್ಕಳು ಒಟ್ಟಿಗೆ ಕಣ್ಣಿನಲ್ಲಿ ಹಿಂಬಾಲಿಸಿದರೆ ದುಂಬಿ ಕಾಣಿಸುತ್ತದೆ. ಒಬ್ಬರ ನೋಟ ತಪ್ಪಿದರೂ ಮಾಯವಾಗುತ್ತದೆ. ಇದನ್ನು ಅರ್ಧ ಗಂಟೆ ಅಭ್ಯಾಸ ಮಾಡಿಸಿದರೆ ರಟ್ಟಿನ ಮರಗಳಿಗಿಂತ ಹೆಚ್ಚಿನ ಕಾಡು ರಂಗದ ಮೇಲೆ ಬೆಳೆಯುತ್ತದೆ.

ಸಮಯದ ಲೆಕ್ಕ ಹೇಳುವುದಾದರೆ, ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆಯಂತೆ ಎಂಟರಿಂದ ಹತ್ತು ವಾರ ಬೇಕು. ಮೊದಲ ಎರಡು ವಾರ ಅರ್ಥಕ್ಕೆ ಮೀಸಲಿಡಿ, ಅರ್ಧದಾರಿಗೆ ಬರುವಷ್ಟರಲ್ಲಿ ಕೈಯಿಂದ ಪುಸ್ತಕ ಬಿಡಿಸಿ. ಬಾಯಿಪಾಠ ಮಾಡುವಾಗ ಮಕ್ಕಳು ತಮ್ಮ ಮಾತನ್ನು ಮಾತ್ರ ಕಲಿತು ಹಿಂದಿನವರ ಕೊನೆಯ ಪದವನ್ನು ಕಲಿಯದೆ ಬರುತ್ತಾರೆ. ಈ ತೊಂದರೆ ಇಂದಿನದಲ್ಲ. ಶೇಕ್ಸ್‌ಪಿಯರ್‌ನ ಕಾಲದಲ್ಲಿ ನಟನ ಕೈಗೆ ಇಡೀ ನಾಟಕ ಸಿಗುತ್ತಿರಲಿಲ್ಲ. ಅವನ ಮಾತುಗಳು ಮತ್ತು ಪ್ರತಿ ಮಾತಿಗೂ ಮುಂಚಿನ ಒಂದೆರಡು ಪದಗಳ ಸೂಚನೆ ಮಾತ್ರ ಇರುವ ಪ್ರತಿ ಸಿಗುತ್ತಿತ್ತು. ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನಲ್ಲೇ ಕಾಡಿನಲ್ಲಿ ನಾಟಕದ ತಾಲೀಮು ಮಾಡುವ ಫ್ಲೂಟ್ ಎಂಬ ತಿದಿಗಾರ ಆ ಸೂಚನೆಗಳನ್ನೂ ಸೇರಿಸಿ ತನ್ನ ಪಾಠವನ್ನೆಲ್ಲ ಒಂದೇ ಸಮನೆ ಒದರಿ ಬೈಸಿಕೊಳ್ಳುತ್ತಾನೆ. ಈ ಪ್ರಸಂಗವನ್ನು ಮಕ್ಕಳಿಗೆ ಓದಿ ತೋರಿಸಿ, ನಕ್ಕು ಮುಗಿದ ಮೇಲೆ ಅದೇ ರೀತಿಯ ಪ್ರತಿಯನ್ನು ಅವರಿಂದಲೇ ಬರೆಸಿ: ತನ್ನ ಮಾತಿಗೆ ಒಂದು ಬಣ್ಣ, ಅದಕ್ಕೆ ಮುಂಚಿನ ಮೂರು ಪದಗಳಿಗೆ ಇನ್ನೊಂದು ಬಣ್ಣ.

ಕೊನೆಯ ಎರಡು ವಾರ ನೀವು ರಂಗದ ಹತ್ತಿರ ಹೋಗಬೇಡಿ, ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ಕೇಳಿ. ಮಕ್ಕಳ ದನಿ ವಾಕ್ಯದ ಕೊನೆಯಲ್ಲಿ ಇಳಿದುಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಅಲ್ಲಿ, ಆದ್ದರಿಂದ ಏನಾಯಿತೆಂಬುದೇ ಪ್ರೇಕ್ಷಕರಿಗೆ ತಲುಪುವುದಿಲ್ಲ. ಜೋರಾಗಿ ಹೇಳು ಎಂದರೆ ಮಗು ಇಡೀ ವಾಕ್ಯವನ್ನು ಕಿರುಚುತ್ತದೆ. ಅದರ ಬದಲು, ಕೊನೆಯ ಪದವನ್ನು ನನ್ನ ಕೈಗೆ ಎಸೆ ಎಂದು ಹೇಳಿ, ಅದು ಕೇಳಿಸಿದಾಗಲೆಲ್ಲ ಕೂತಲ್ಲಿಂದಲೇ ಕೈ ಎತ್ತಿ ಹಿಡಿದು ತೋರಿಸಿ.