ಪದ ಪರಿಚಯ: ಟ್ಯಾಕೋಮೀಟರ್

ಇಂಜಿನ್ ಒಂದು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಎಂದು ತೋರಿಸುವ ಮೀಟರ್‌ಗೆ ಟ್ಯಾಕೋಮೀಟರ್ ಎನ್ನುತ್ತಾರೆ. ಗ್ಯಾರೇಜಿನಲ್ಲಿ ಇದರ ಹೆಸರು ಆರ್‌ಪಿಎಂ ಮೀಟರ್. ಗ್ರೀಕ್ ಭಾಷೆಯಲ್ಲಿ ‘ಟ್ಯಾಕೋಸ್’ ಎಂದರೆ ವೇಗ, ‘ಮೆಟ್ರಾನ್’ ಎಂದರೆ ಅಳತೆ. ಹೆಸರಲ್ಲಿ ವೇಗ ಇದೆ ಎಂದು ಇದನ್ನು ಸ್ಪೀಡೋಮೀಟರ್ ಜೊತೆ ಸೇರಿಸಿಬಿಡಬೇಡಿ. ಸ್ಪೀಡೋಮೀಟರ್ ಚಕ್ರದ ಲೆಕ್ಕ ಹೇಳುತ್ತದೆ. ಟ್ಯಾಕೋಮೀಟರ್ ಹೇಳುವುದು ಕ್ರ್ಯಾಂಕಿನ, ಅಂದರೆ ಇಂಜಿನ್ ಒಳಗೆ ಪಿಸ್ಟನ್ ತಿರುಗಿಸುವ ದಂಡದ ಲೆಕ್ಕ. ಗಾಡಿ ಮನೆ ಅಂಗಳದಲ್ಲಿ ಇಂಜಿನ್ ಚಾಲೂ ಇದ್ದು ಸ್ಟ್ಯಾಂಡ್ ಮೇಲೆ ನಿಂತಿದ್ದಾಗ ಸ್ಪೀಡೋಮೀಟರ್ ಸೊನ್ನೆಯಲ್ಲಿರುತ್ತದೆ, ಟ್ಯಾಕೋಮೀಟರ್ 1,400 ತೋರಿಸುತ್ತಿರುತ್ತದೆ.

ಜೋರಾಗಿ ಓಡಿಸುವವರಿಗೆ ಮಾತ್ರ ಬೇಕಾದ ಮೀಟರ್ ಇದು ಎಂದು ತುಂಬಾ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಹಳೇ ಗಾಡಿ ಇಟ್ಟುಕೊಂಡವರಿಗೆ ಇದರ ನಿಜವಾದ ಉಪಯೋಗ ಇರುವುದು ಗಾಡಿ ನಿಂತಿರುವಾಗ, ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಟ್ಯೂನ್ ಮಾಡುವಾಗ.

ನನಗೆ ಇದು ಗೊತ್ತಾಗಿದ್ದು ಆಗುಂಬೆ ಘಾಟಿಯಲ್ಲಿ. ನನ್ನದು 100 ಸಿಸಿಯ ಹಳೇ ಹೀರೋ ಹೋಂಡಾ. ಮಳೆಗಾಲದಲ್ಲಿ ಸಿಗ್ನಲ್ಲಿನಲ್ಲಿ ನಿಂತರೆ ಆಫ್ ಆಗುತ್ತಿತ್ತು. ಸರ್ವೀಸ್‌ಗೆ ಬಿಟ್ಟೆ. ‘ಸರಿ ಮಾಡಿದೀನಿ, ಇನ್ನು ಆಫ್ ಆಗಲ್ಲ’ ಎಂದು ಕೊಟ್ಟರು. ನಿಜ, ಆಫ್ ಆಗಲಿಲ್ಲ. ಆದರೆ ಮುಂದಿನ ವಾರ ಸೋಮೇಶ್ವರದ ಕಡೆ ಇಳಿಯುವಾಗ ಪ್ರತಿ ತಿರುವಿನಲ್ಲೂ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಆಗುತ್ತಿತ್ತು. ಎರಡನೇ ಗೇರಿನಲ್ಲಿದ್ದರೂ ಇಂಜಿನ್ ಗಾಡಿಯನ್ನು ಹಿಡಿಯುತ್ತಿರಲಿಲ್ಲ. ಕೆಳಗೆ ತಲುಪುವಷ್ಟರಲ್ಲಿ ಬ್ರೇಕ್ ಡ್ರಮ್ ಕಾದ ವಾಸನೆ. ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಒಂದು ಡಬ್ಬಿ ತೆಗೆದು, ಅದರ ವೈರನ್ನು ಪ್ಲಗ್ ಕೇಬಲ್‌ಗೆ ನಾಲ್ಕು ಸುತ್ತು ಸುತ್ತಿದರು. ನನ್ನ ಕಡೆ ತಿರುಗಿಸಿ ತೋರಿಸಿದರು: 2,100.

ಇಂಥ ಗಾಡಿ 1,400ರ ಆಸುಪಾಸಿನಲ್ಲಿ ಐಡ್ಲಿಂಗ್ ಇರಬೇಕು, ಹೆಚ್ಚುಕಡಿಮೆ 100. ಆಕ್ಸಿಲೇಟರ್ ಮುಟ್ಟದೆ ಇಂಜಿನ್ ಓಡುವುದಕ್ಕೆ ಐಡ್ಲಿಂಗ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ‘ಸ್ಲೋ’. ಮೊದಲಿನವರು ಕಾಯಿಲೆ ಹುಡುಕದೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸ್ಲೋ ಏರಿಸಿಟ್ಟಿದ್ದರು. ಗಾಳಿ-ಪೆಟ್ರೋಲ್ ಬೆರಕೆ ಕೆಟ್ಟಿದ್ದರೂ ಸ್ಲೋ ಜಾಸ್ತಿ ಇಟ್ಟರೆ ಇಂಜಿನ್ ಆಫ್ ಆಗುವುದಿಲ್ಲ. ದೋಷ ಹಾಗೇ ಮುಚ್ಚಿಹೋಗುತ್ತದೆ. ಬಯಲುಸೀಮೆಯಲ್ಲಾದರೆ ಸ್ವಲ್ಪ ಪೆಟ್ರೋಲ್ ದಂಡ, ಅಷ್ಟೇ. ಘಾಟಿ ಇಳಿಯುವವರಿಗೆ ಅದು ಅಪಾಯ.

‘ಕಿವಿಯಿಂದಲೇ ಟ್ಯೂನ್ ಮಾಡೋರು ಇಲ್ವಾ?’ ಎಂದು ಕೇಳಬಹುದು. ಇದ್ದಾರೆ, ಒಳ್ಳೆಯವರೂ ಇದ್ದಾರೆ. ಆದರೆ ಕಿವಿಗೆ ಏನು ಕೇಳಿಸುತ್ತದೆ, ಲೆಕ್ಕ ಹಾಕಿ ನೋಡಿ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. 1,400 ಸುತ್ತು ಅಂದರೆ ನಿಮಿಷಕ್ಕೆ 700 ಬಡಿತ, ಸೆಕೆಂಡಿಗೆ ಸುಮಾರು 11.7. ಅದೇ 1,450 ಆದರೆ ಸೆಕೆಂಡಿಗೆ 12.1. ಯಕ್ಷಗಾನದಲ್ಲಿ ಚೆಂಡೆ ಏರುವಾಗ ಏರಿತು ಎಂದು ನಮಗೆಲ್ಲ ಗೊತ್ತಾಗುತ್ತದೆ. ಆದರೆ ಐದು ನಿಮಿಷದ ಹಿಂದಿನ ಪೆಟ್ಟಿಗೂ ಈಗಿನ ಪೆಟ್ಟಿಗೂ ಅರ್ಧ ಪೆಟ್ಟಿನ ವ್ಯತ್ಯಾಸ ಹೇಳಿ ಎಂದರೆ ಆಗುತ್ತಾ? ಕಾರ್ಬ್ಯುರೇಟರ್ ಟ್ಯೂನಿಂಗ್‌ನಲ್ಲಿ ಬೇಕಾಗಿರುವುದು ಸರಿಯಾಗಿ ಅಷ್ಟೇ ವ್ಯತ್ಯಾಸ. ಸ್ಕ್ರೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದ ಹಾಗೆ ಕಿವಿ ಹೊಸ ಸದ್ದಿಗೆ ಒಗ್ಗಿಬಿಡುತ್ತದೆ. ಮೀಟರ್ ಒಗ್ಗುವುದಿಲ್ಲ.

ಹಾಗಾದರೆ ಗಾಡಿಯಲ್ಲೇ ಇರುವ ಆರ್‌ಪಿಎಂ ಮೀಟರ್ ಸಾಕಲ್ವಾ? ಮುಳ್ಳಿನ ಮೀಟರ್ ಆದರೆ ಸಾಲದು. ಅದರ ಗೆರೆಗಳು ಸಾಮಾನ್ಯವಾಗಿ 500ಕ್ಕೊಂದು, ಇಲ್ಲ 1,000ಕ್ಕೊಂದು. ಹಳೇ ಕೇಬಲ್ ಮೀಟರ್‌ಗಳ ಒಳಗೆ ತಿರುಗುವ ಒಂದು ಅಯಸ್ಕಾಂತ ಇರುತ್ತದೆ. ಅದು ಮುಟ್ಟದೆಯೇ ಅಲ್ಯೂಮಿನಿಯಂ ಬಟ್ಟಲೊಂದನ್ನು ಎಳೆಯುತ್ತದೆ, ಬಟ್ಟಲಿಗೆ ಸೇರಿದ ಮುಳ್ಳು ಸಣ್ಣ ಸ್ಪ್ರಿಂಗಿನ ಎದುರು ಏರುತ್ತದೆ. ಸೊಗಸಾದ ಕೆಲಸ. ಆದರೆ 50 ಆರ್‌ಪಿಎಂ ಅದರಲ್ಲಿ ಕಾಣುವುದಿಲ್ಲ. ಅಂಕಿ ತೋರಿಸುವ, ಪ್ಲಗ್ ಕೇಬಲ್‌ಗೆ ಸುತ್ತುವ ಮೀಟರ್ ಬೇಕು. ಪ್ಲಗ್‌ಗೆ ಕರೆಂಟ್ ಹೋದಾಗಲೆಲ್ಲ ಆ ವೈರಿನಲ್ಲೂ ಒಂದು ಮಿಡಿತ ಏಳುತ್ತದೆ. ಮೀಟರ್ ಅದನ್ನೇ ಎಣಿಸುತ್ತದೆ.

ಇಲ್ಲಿ ಒಂದು ಕಡೆ ಎಡವುವುದುಂಟು. ಮೀಟರ್ ಎಣಿಸುವುದು ಕಿಡಿಗಳನ್ನು, ಸುತ್ತುಗಳನ್ನಲ್ಲ. ಸಿಡಿಐ (ಎಲೆಕ್ಟ್ರಾನಿಕ್ ಆಗಿ ಕಿಡಿ ಕೊಡುವ ಪೆಟ್ಟಿಗೆ) ಇರುವ 100 ಸಿಸಿ ಫೋರ್ ಸ್ಟ್ರೋಕ್ ಗಾಡಿಗಳು ಸಾಮಾನ್ಯವಾಗಿ ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತವೆ. ಅದರಲ್ಲಿ ಒಂದು ಕಿಡಿ ಉಪಯೋಗಕ್ಕೆ, ಇನ್ನೊಂದು ಹೊಗೆ ಹೊರಹೋಗುವಾಗ ಸುಮ್ನೆ ಹಾರುವುದು. ಸಿಡಿಐ ಬದಲು ತೆರೆದು ಮುಚ್ಚುವ ಪಾಯಿಂಟ್‌ನಿಂದ ಕಿಡಿ ಕೊಡುವ ಹಳೇ ಬುಲೆಟ್‌ನಲ್ಲಿ ಎರಡು ಸುತ್ತಿಗೆ ಒಂದೇ ಕಿಡಿ. ಮೀಟರಿನಲ್ಲಿ ಇದಕ್ಕೆ ತಕ್ಕ ಸೆಟ್ಟಿಂಗ್ ಇಡಬೇಕು. ತಪ್ಪಿದರೆ 1,400 ಇರುವುದು 2,800 ಎಂದೋ 700 ಎಂದೋ ಕಾಣುತ್ತದೆ. ಅಂಕಿ ಸರಿಯಾಗಿ ದುಪ್ಪಟ್ಟೋ ಅರ್ಧವೋ ಬಂದರೆ ಗಾಡಿಯನ್ನು ಬೈಯಬೇಡಿ, ಸೆಟ್ಟಿಂಗ್ ನೋಡಿ.

ಈಗ ಟ್ಯೂನಿಂಗ್‌ಗೆ ಬರೋಣ. ಕಾರ್ಬ್ಯುರೇಟರಿನಲ್ಲಿ ಹೊರಗಿನಿಂದ ತಿರುಗಿಸುವ ಸ್ಕ್ರೂ ಎರಡು. ಒಂದು ಐಡ್ಲಿಂಗ್ ಸ್ಕ್ರೂ. ಅದು ಒಳಗಿನ ಸ್ಲೈಡನ್ನು ಎತ್ತಿ ಇಳಿಸುತ್ತದೆ, ಹಾಗಾಗಿ ಆರ್‌ಪಿಎಂ ಏರುತ್ತದೆ ಇಳಿಯುತ್ತದೆ. ಇನ್ನೊಂದು ಬೆರಕೆಯ ಸ್ಕ್ರೂ. ಅದು ಏರ್ ಫಿಲ್ಟರ್ ಕಡೆ ಇದ್ದರೆ ಗಾಳಿಯನ್ನು ಹಿಡಿದಿಡುತ್ತದೆ, ಅದನ್ನು ಬಿಗಿ ಮಾಡಿದರೆ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ. ಇಂಜಿನ್ ಕಡೆ ಇದ್ದರೆ ಉಲ್ಟಾ, ಬಿಗಿ ಮಾಡಿದರೆ ಪೆಟ್ರೋಲ್ ಕಡಿಮೆ.

ಮೊದಲು ಇಂಜಿನ್ ಚೆನ್ನಾಗಿ ಬಿಸಿ ಆಗಬೇಕು. ನಾನು ಗಾಜನೂರು ಡ್ಯಾಮಿನವರೆಗೆ ಹೋಗಿ ಬರುತ್ತೇನೆ. ಅಂಗಳದಲ್ಲಿ ನಿಲ್ಲಿಸಿ ಐದು ನಿಮಿಷ ರೇಸ್ ಮಾಡಿದರೆ ಸಾಲದು, ಅದರಲ್ಲೂ ಜುಲೈ ತಿಂಗಳ ಚಳಿಯಲ್ಲಿ. ಏರ್ ಫಿಲ್ಟರ್ ಒದ್ದೆ ಇರಬಾರದು, ಆಕ್ಸಿಲೇಟರ್ ಕೇಬಲ್ ಬಿಗಿ ಇರಬಾರದು, ಟ್ಯಾಪೆಟ್ (ವಾಲ್ವ್‌ನ ಸಂದು) ಸರಿ ಇರಬೇಕು. ಮಳೆ ಎಂದು ಗಾಡಿಯನ್ನು ಕೊಟ್ಟಿಗೆಯೊಳಗೆ ತಂದು, ಬಾಗಿಲು ಹಾಕಿ ಮಾತ್ರ ಈ ಕೆಲಸ ಮಾಡಲೇಬೇಡಿ. ಸೈಲೆನ್ಸರಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಆಳನ್ನು ಕೊಲ್ಲುತ್ತದೆ.

ನನ್ನ ಗಾಡಿಯಲ್ಲಿ ನಡೆದದ್ದು ಹೀಗೆ. ಐಡ್ಲಿಂಗ್ ಇಳಿಸಿ 1,400ಕ್ಕೆ ತಂದರು. ಬೆರಕೆಯ ಸ್ಕ್ರೂ ಕಾಲು ಸುತ್ತು ಬಿಚ್ಚಿ, ಕೈ ತೆಗೆದು ಹದಿನೈದು ಸೆಕೆಂಡ್ ಕಾದರು. ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ. 1,440, 1,460, 1,450 ಎಂದು ಕುಣಿಯುತ್ತದೆ, ನಡುವಿನದನ್ನು ಹಿಡಿಯಬೇಕು. ಇನ್ನೊಂದು ಕಾಲು ಸುತ್ತು: 1,480. ಮತ್ತೊಂದು ಕಾಲು: 1,480ರಲ್ಲೇ ನಿಂತಿತು. ಇನ್ನೂ ಕಾಲು ಸುತ್ತು ಬಿಚ್ಚಿದಾಗ 1,430ಕ್ಕೆ ಇಳಿಯಿತು, ಬಡಿತ ಸ್ವಲ್ಪ ತಪ್ಪುತ್ತಿತ್ತು. ನನ್ನ ಕಿವಿಗೆ ಈ ನಾಲ್ಕೂ ಒಂದೇ. ಮೀಟರಿನಲ್ಲಿ ಮಾತ್ರ ಒಂದು ಗುಡ್ಡ ಕಾಣುತ್ತಿತ್ತು. ಹತ್ತಿದ್ದು, ನೆತ್ತಿ, ಇಳಿಜಾರು. ಆ ನೆತ್ತಿಯಲ್ಲಿ ಐಡ್ಲಿಂಗ್‌ನ ಬೆರಕೆ ಇಂಜಿನ್‌ಗೆ ಹೊಂದುತ್ತದೆ. ಎರಡು 1,480ರ ನಡುವೆ ಸ್ಕ್ರೂ ಇಟ್ಟು, ಐಡ್ಲಿಂಗ್ ಸ್ಕ್ರೂ ಇಳಿಸಿ ಮತ್ತೆ 1,400 ಮಾಡಿದರು. ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಕೆಲವು ಕಂಪನಿಗಳ ಸರ್ವೀಸ್ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಇರುತ್ತದೆ. ನೆತ್ತಿ ಸಿಕ್ಕ ಮೇಲೆ ಸ್ಕ್ರೂ ಬಿಗಿ ಮಾಡುತ್ತಾ ಹೋಗಿ, ಸರಿಯಾಗಿ 50 ಅಥವಾ 100 ಆರ್‌ಪಿಎಂ ಇಳಿದಾಗ ನಿಲ್ಲಿಸಿ, ಅಲ್ಲಿಂದ ಹೇಳಿದಷ್ಟು ಸುತ್ತು ಬಿಚ್ಚುವುದು. ಹೊಗೆ ಪರೀಕ್ಷೆಯಲ್ಲಿ ಪಾಸಾಗುವ ಬೆರಕೆ ಬೇಕೆಂದು ಮಾಡಿದ ಕ್ರಮ ಇದು. ಟ್ಯಾಕೋಮೀಟರ್ ಇಲ್ಲದೆ ಇದನ್ನು ಮಾಡುವ ದಾರಿಯೇ ಇಲ್ಲ.

ಕೊನೆಗೊಂದು ಪರೀಕ್ಷೆ. ಆಕ್ಸಿಲೇಟರ್ ತಿರುವಿ 4,000ಕ್ಕೆ ಏರಿಸಿ ಥಟ್ಟನೆ ಬಿಡಿ. ಅಂಕಿ ನೇರ 1,400ಕ್ಕೆ ಬಂದು ನಿಂತರೆ ಸರಿ. 2,000ದ ಹತ್ತಿರ ಸ್ವಲ್ಪ ಹೊತ್ತು ತಡೆದು ಆಮೇಲೆ ನಿಧಾನಕ್ಕೆ ಇಳಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಕಾರ್ಬ್ಯುರೇಟರಿಗೂ ಇಂಜಿನ್‌ಗೂ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. 1,100ಕ್ಕೆ ಕುಸಿದು ಆಮೇಲೆ ಎದ್ದು ಬಂದರೆ ಪೆಟ್ರೋಲ್ ಜಾಸ್ತಿ. ಆರ್‌ಎಕ್ಸ್ 100 ಇಟ್ಟುಕೊಂಡವರು 2,000ದ ಹತ್ತಿರ ತಡೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟೂ ಸ್ಟ್ರೋಕ್ ಇಂಜಿನ್‌ಗೆ ಆಯಿಲ್ ಹೋಗುವುದೂ ಆ ಪೆಟ್ರೋಲ್ ಬೆರಕೆಯ ಜೊತೆಗೇ. ಗಾಳಿ ಎಳೆಯುತ್ತಿದ್ದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ.

ಈ ಮೀಟರ್‌ನಿಂದ ಎಲ್ಲವೂ ಗೊತ್ತಾಗುವುದಿಲ್ಲ. ಜೋರಾಗಿ ಓಡಿಸುವಾಗ ಪೆಟ್ರೋಲ್ ಬಿಡುವ ಮೇನ್ ಜೆಟ್ ದೊಡ್ಡದಾಯಿತಾ, ಕಾರ್ಬ್ಯುರೇಟರ್ ಒಳಗಿನ ನೀಡಲ್‌ನ ಕ್ಲಿಪ್ ಎಷ್ಟನೇ ಕಚ್ಚಿನಲ್ಲಿ ಇರಬೇಕು ಎಂಬುದಕ್ಕೆ ರಸ್ತೆಯಲ್ಲಿ ಓಡಿಸಿ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಎರಡು ಕಾರ್ಬ್ಯುರೇಟರ್ ಇರುವ ಗಾಡಿಗಳಲ್ಲಿ ಎರಡನ್ನೂ ಸಮ ಮಾಡಲು ವ್ಯಾಕ್ಯೂಮ್ ಗೇಜ್ ಬೇಕು.

ನಮ್ಮ ಕಡೆ ಎತ್ತರದ ಲೆಕ್ಕವೂ ಬರುತ್ತದೆ. 1,000 ಮೀಟರ್ ಮೇಲೆ ಹೋದರೆ ಗಾಳಿ ಸುಮಾರು ಶೇ 10ರಷ್ಟು ತೆಳ್ಳಗಾಗುತ್ತದೆ. ಕಾರ್ಬ್ಯುರೇಟರಿಗೆ ಅದು ಗೊತ್ತಾಗುವುದಿಲ್ಲ, ಪೆಟ್ರೋಲ್ ಕೊಡುವುದು ಕೊಡುತ್ತಲೇ ಇರುತ್ತದೆ. ಶಿವಮೊಗ್ಗದಲ್ಲಿ ಹದವಾಗಿದ್ದ ಗಾಡಿ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಗುಡುಗುಡು ಎಂದು ಮಂಕಾಗುವುದು ಇದಕ್ಕೇ. ಒಂದು ದಿನದ ಪ್ರವಾಸಕ್ಕೆ ಸ್ಕ್ರೂ ಮುಟ್ಟುವ ಅಗತ್ಯ ಇಲ್ಲ. ಮನೆಯೇ ಮೇಲಿದ್ದರೆ ಟ್ಯೂನಿಂಗೂ ಅಲ್ಲೇ ಆಗಬೇಕು.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಆದರೆ ಅಡಿಕೆ ತೋಟದ ಕಳೆ ಮಿಷನ್‌ಗಳಲ್ಲಿ ಕಾರ್ಬ್ಯುರೇಟರ್ ಇನ್ನೂ ಇದೆ. ಅಲ್ಲಿಯೂ ಇದೇ ಮೀಟರ್ ಬೇಕು. ಐಡ್ಲಿಂಗ್ 3,000ದ ಒಳಗಿದ್ದರೆ ಸಾಮಾನ್ಯವಾಗಿ ಬ್ಲೇಡ್ ನಿಂತಿರುತ್ತದೆ. ಜಾಸ್ತಿ ಇಟ್ಟರೆ ಕ್ಲಚ್ ಹಿಡಿದು, ಆಕ್ಸಿಲೇಟರ್ ಒತ್ತದಿದ್ದರೂ ಬ್ಲೇಡ್ ತಿರುಗುತ್ತದೆ. ಕಾಲ ಬುಡದಲ್ಲೇ ತಿರುಗುವ ಬ್ಲೇಡ್ ಅದು.

ನನ್ನ ಗಾಡಿಯ ಸೈಡ್ ಕವರ್ ಒಳಗೆ ಆ ಮೆಕ್ಯಾನಿಕ್ ಮಾರ್ಕರ್‌ನಲ್ಲಿ ಒಂದು ಸಾಲು ಬರೆದುಕೊಟ್ಟಿದ್ದಾರೆ: ‘1400 – ಎರಡೂಕಾಲು ಸುತ್ತು – ಮಳೆಗಾಲ’. ಸ್ಕ್ರೂ ಪೂರ್ತಿ ಬಿಗಿ ಮಾಡಿ ಅಲ್ಲಿಂದ ಬಿಚ್ಚಿದ ಲೆಕ್ಕ ಅದು. ಬೇಸಿಗೆಯಲ್ಲಿ ಮತ್ತೆ ಬನ್ನಿ, ಆಗ ಎಷ್ಟು ಬರುತ್ತೆ ನೋಡಿ ಅದರ ಕೆಳಗೆ ಬರೆಯೋಣ ಎಂದಿದ್ದಾರೆ. ಮಾರ್ಚ್‌ನಲ್ಲಿ ಹೋಗಬೇಕು.