ಸುತ್ತುವ ಕುರ್ಚಿಯನ್ನು ನಿಲ್ಲಿಸಬೇಡಿ

"ಇವನಿಗೆ ಎಡ-ಬಲವೇ ತಿಳಿಯಲ್ಲ, ಮೋಟಾರ್ ಗಾಲಿಕುರ್ಚಿ ಕೊಟ್ಟು ಏನು ಮಾಡೋದು?" ತೀವ್ರ ಬೌದ್ಧಿಕ ವೈಕಲ್ಯ ಇರುವವರ ವಿಷಯದಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಈಜು ಬಂದ ಮೇಲೆ ಬಾವಿಗಿಳಿ ಎಂದ ಹಾಗಾಯಿತು.

ಸ್ವೀಡನ್ನಿನ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಕಲಿಯಲು ನೆರವಾಗುವ ಚಿಕಿತ್ಸಕಿ) ಲಿಸ್ಬೆತ್ ನಿಲ್ಸನ್ 1990ರ ದಶಕದಲ್ಲೇ ಇದನ್ನು ತಿರುವುಮುರುವು ಮಾಡಿದರು. ಓಡಿಸಲು ಕಲಿಯುವ ಬದಲು ಕಲಿಯಲು ಓಡಿಸಲಿ ಎಂದರು.

ಹಿನ್ನೆಲೆಗೊಂದು ಬೆಕ್ಕಿನ ಕಥೆಯಿದೆ. 1963ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್, ಕತ್ತಲಲ್ಲಿ ಬೆಳೆಸಿದ ಮರಿಗಳನ್ನು ಜೋಡಿ ಜೋಡಿಯಾಗಿ ಗಾಣದಂಥ ಯಂತ್ರಕ್ಕೆ ಕಟ್ಟಿದರು. ಒಂದು ಮರಿ ಗಾಣದೆತ್ತಿನಂತೆ ನಡೆಯಿತು; ಇನ್ನೊಂದು ಬುಟ್ಟಿಯಲ್ಲಿ ಕೂತು ಅದೇ ಸುತ್ತು ಸುತ್ತಿತು. ಕಣ್ಣಿಗೆ ಬಿದ್ದದ್ದು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ನಡೆದ ಮರಿ ಆಳ ಕಂಡರೆ ಹಿಂಜರಿಯಿತು, ನೆಲ ಹತ್ತಿರವಾದರೆ ಪಂಜ ಚಾಚಿತು. ಬುಟ್ಟಿಯ ಮರಿಗೆ ಎರಡೂ ಬರಲಿಲ್ಲ. ಬಸ್ಸಿನಲ್ಲಿ ಹತ್ತು ಸಲ ಹೋದ ಊರಿಗೂ ಬೈಕಿನಲ್ಲಿ ಹೊರಟಾಗ ನಾವು ದಾರಿ ಕೇಳುವುದಿಲ್ಲವೇ, ಹಾಗೆ. ಆ ಮರಿಯನ್ನು ಬೆಳಕಿನಲ್ಲಿ ಓಡಾಡಲು ಬಿಟ್ಟ ಮೇಲೆ ಅದೂ ಕಲಿತುಕೊಂಡಿತು. ಈ ಕೊನೆಯ ಸಾಲನ್ನು ಜನ ಯಾಕೋ ಮರೆಯುತ್ತಾರೆ.

ಈಗ ಕುರ್ಚಿಗೆ ಬರೋಣ. ಅಗಲವಾದ ಕೋಣೆ, ತೀರಾ ಕಡಿಮೆ ವೇಗ, ಪಕ್ಕದಲ್ಲೊಬ್ಬರು. ಕೈ ಅಕಸ್ಮಾತ್ತಾಗಿ ಕುರ್ಚಿ ನಡೆಸುವ ಕೋಲಾದ ಜಾಯ್‌ಸ್ಟಿಕ್ ಮೇಲೆ ಬೀಳುತ್ತದೆ, ಕುರ್ಚಿ ಜರುಗುತ್ತದೆ. ಬೆಚ್ಚಿ ಕೈ ತೆಗೆದರೆ ಸ್ಪ್ರಿಂಗ್ ಕೋಲನ್ನು ನಡುವಿಗೆ ತರುತ್ತದೆ, ಕುರ್ಚಿ ನಿಲ್ಲುತ್ತದೆ. ಎರಡು ಚಕ್ರಕ್ಕೆ ಎರಡು ಮೋಟಾರ್. ಕೋಲು ಪಕ್ಕಕ್ಕೆ ವಾಲಿದರೆ ಒಂದು ಚಕ್ರ ಮುಂದಾಗಿ ಕುರ್ಚಿ ತಿರುಗುತ್ತದೆ. ಹೊಸಬರ ಕೈ ನೇರಕ್ಕೆ ಎಲ್ಲಿ ಹೋದೀತು? ಹಾಗಾಗಿ ಸುತ್ತೋ ಸುತ್ತು. ಮನೆಯವರು "ಬರೀ ಗಿರಕಿ ಹೊಡೀತಾನೆ" ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಕೂತವನಿಗೆ ಗೋಡೆ, ಕಿಟಕಿ, ಅಮ್ಮನ ಮುಖ ಒಂದೇ ಸರದಿಯಲ್ಲಿ ಬರುತ್ತಿವೆ. ಕೈ ತೆಗೆದರೆ ನಿಲ್ಲುತ್ತಿವೆ. ಕಿವಿಯೊಳಗಿನ ಸಮತೋಲನದ ಅಂಗವೂ ಪ್ರತಿ ಸಲ ಅದಕ್ಕೆ ಸಾಕ್ಷಿ ಹೇಳುತ್ತಿದೆ. ಗಿಲಕಿ ಅಲ್ಲಾಡಿಸುವ ಕೂಸಿನದೂ ಇದೇ ಪಾಠ, ಇಲ್ಲಿ ಅಲ್ಲಾಡುವುದು ಇಡೀ ಕೋಣೆ. ಆ ಹೊತ್ತಿನಲ್ಲಿ ಅವಸರಪಟ್ಟು ಅವನ ಕೈಮೇಲೆ ನಮ್ಮ ಕೈಯಿಟ್ಟು ಕೋಲು ತಳ್ಳಿದರೆ ಅವನು ಮತ್ತೆ ಬುಟ್ಟಿಯ ಮರಿಯೇ.

ನಿಲ್ಸನ್ ಮುಂದೆ ಸಂಶೋಧಕಿ ಜೋಸೆಫೀನ್ ಡರ್ಕಿನ್ ಜೊತೆ ಸೇರಿ ಈ ಕಲಿಕೆಯನ್ನು ಎಂಟು ಹಂತಗಳಾಗಿ ಗುರುತಿಸಿದರು. ಎಲ್ಲರೂ ಎಂಟನೆಯದನ್ನು ಮುಟ್ಟುವುದಿಲ್ಲ. ನಡುವೆಯೇ ನಿಂತವರೂ ಕಿಟಕಿ ಎದುರಿಗೆ ಬಂದಾಗ ಕೈ ಎತ್ತುತ್ತಾರೆ, ಸ್ವಲ್ಪ ಹೊತ್ತು ಹೊರಗೆ ನೋಡುತ್ತಾರೆ, ಆಮೇಲೆ ಮತ್ತೆ ಕೈಯಿಡುತ್ತಾರೆ.