ಕಾಲಮಿತಿ ಆಟದಲ್ಲಿ ಕತ್ತಿ ಹಿಡಿದವನ ಪಾಡು

"ಅಣ್ಣಾ, ಮುಂದಿನ ವಾರ ನಾನು ಬರ್ಬೇಕಾ? ನಂಗೆ ಅಲ್ಲಿ ಎಂತ ಕೆಲಸ ಉಂಟು?"

ಕಳೆದ ಮಳೆಗಾಲದ ಒಂದು ಭಾನುವಾರ, ಆಟ ಮುಗಿಸಿ ದಾಳಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಒಬ್ಬ ಹುಡುಗ ಹೀಗೆ ಕೇಳಿದ. ಸಿಟ್ಟಿನಿಂದ ಅಲ್ಲ, ಸುಮ್ನೆ. ಕಂಕನಾಡಿಯಿಂದ ಮಳೆಯಲ್ಲಿ ಬಸ್ಸು ಹಿಡಿದು ಬರುವವ. ಅವನದ್ದು ಫೈಟರ್ ಪಾತ್ರ, ಐದನೇ ಲೆವೆಲ್, ಕೈಯಲ್ಲಿ ಆಳೆತ್ತರದ ಕತ್ತಿ. ಆವತ್ತು ಮೂರು ಗಂಟೆ ಆಡಿದ್ದೆವು. ಗುಹೆಯ ಬಾಗಿಲಲ್ಲಿದ್ದ ಕಾವಲಿನವನಿಗೆ ಎರಡು ಏಟು ಕೊಟ್ಟದ್ದು ಬಿಟ್ಟರೆ ಅವನು ಬೇರೇನೂ ಮಾಡಿರಲಿಲ್ಲ.

ನಾನು ಮಂಗಳೂರಲ್ಲಿ, ಮಣಿಪಾಲದಲ್ಲಿ ದುಡ್ಡು ತಗೊಂಡು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡಿಸುವವನು. ಇದೂ ಒಂದು ಉದ್ಯೋಗ ಅಂತ ಮನೆಯವರನ್ನು ನಂಬಿಸಲು ಇನ್ನೂ ಆಗಿಲ್ಲ. ಆಟ ಗೊತ್ತಿಲ್ಲದವರು ಕೇಳಿದರೆ ತಾಳಮದ್ದಳೆಯ ಉದಾಹರಣೆ ಕೊಡುತ್ತೇನೆ. ಪ್ರಸಂಗ ಉಂಟು, ಪಾತ್ರ ಹಂಚಿಯಾಗಿದೆ, ಮಾತು ಮಾತ್ರ ಕೂತಲ್ಲೇ ಹುಟ್ಟಬೇಕು, ಅಲ್ವಾ? ಇಲ್ಲಿಯೂ ಹಾಗೆಯೇ. ಭಾಗವತರ ಜಾಗದಲ್ಲಿ ಡಿಎಂ, ಅಂದರೆ ಆಟ ಆಡಿಸುವ ಡಂಜನ್ ಮಾಸ್ಟರ್, ಕೂತಿರುತ್ತಾನೆ, ಗೆಲುವು ಸೋಲು ದಾಳದ ಕೈಯಲ್ಲಿ. ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್. ಕತ್ತಿ ಹಿಡಿದರೆ ಫೈಟರ್, ಮಂತ್ರ ಕಲಿತಿದ್ದರೆ ವಿಝರ್ಡ್, ಬೀಗ ತೆಗೆಯುವವ ರೋಗ್, ದೇವರ ಹೆಸರಲ್ಲಿ ಗಾಯ ವಾಸಿ ಮಾಡುವವರು ಕ್ಲೆರಿಕ್. ಇನ್ನೂ ಹಲವು ಇವೆ, ಇವತ್ತಿಗೆ ಇಷ್ಟು ಸಾಕು.

ಆವತ್ತು ಆದದ್ದೇನು ಅಂದರೆ, ಗುಹೆಯೊಳಗೆ ರಾಕ್ಷಸರಂಥ ಏಳು ಓರ್ಕ್‌ಗಳು ಬೆಂಕಿಯ ಸುತ್ತ ಕೂತಿದ್ದವು. ವಿಝರ್ಡ್ ಆಡುವ ಹುಡುಗಿಯ ಟರ್ನ್ ಮೊದಲು ಬಂತು. ಫೈರ್‌ಬಾಲ್! ಇಡೀ ಗುಂಪಿಗೇ ಬೆಂಕಿ ಹಾಕುವ ಮಂತ್ರ. ಎಂಟು ಆರುಮುಖದ ದಾಳ ಒಟ್ಟಿಗೆ ಉರುಳಿದವು, ಒಂದು ಹೋಗಿ ಬನ್ಸ್ ತಟ್ಟೆಯೊಳಗೆ ಬಿತ್ತು (ಅದನ್ನೂ ಲೆಕ್ಕಕ್ಕೆ ಹಿಡಿದೆವು). ಸರಾಸರಿ 28 ಬರಬೇಕು, ಬಂದದ್ದು 31. ಓರ್ಕ್‌ಗೆ ಇರುವುದೇ 15 ಹಿಟ್ ಪಾಯಿಂಟ್, ಅಂದರೆ ಅಷ್ಟೇ ಜೀವ. ಹಾರಿ ತಪ್ಪಿಸಿಕೊಂಡವಕ್ಕೆ ಅರ್ಧ ಪೆಟ್ಟು, ಅದೂ ಸರಿಯಾಗಿ 15. ಏಳಕ್ಕೆ ಏಳೂ ಸುಟ್ಟು ಕರಕಲು. ಅದೇ ಟರ್ನ್ ನಮ್ಮ ಫೈಟರ್‌ಗೆ ಸಿಕ್ಕಿದ್ದರೆ ಎರಡು ಏಟು, ಏಟಿಗೆ ಸರಾಸರಿ 11, ಎರಡೂ ತಾಗಿದರೆ 22. ಒಂದು ಓರ್ಕ್ ಸಾಯುತ್ತಿತ್ತು. ಅದೇ ಟರ್ನಲ್ಲಿ ಇನ್ನೊಮ್ಮೆ ಹೊಡೆಯಲು ಬಿಡುವ ಆಕ್ಷನ್ ಸರ್ಜ್ ಬಳಸಿ ನಾಲ್ಕು ಏಟು ಹಾಕಿದರೆ ಎರಡು.

ಫೈಟರ್ ಕೂಡುತ್ತಾ ಬೆಳೆಯುತ್ತಾನೆ, ವಿಝರ್ಡ್ ಗುಣಿಸುತ್ತಾ ಬೆಳೆಯುತ್ತಾನೆ ಅನ್ನುವ ಅರ್ಥದ ಮಾತು ಈ ಆಟದವರಲ್ಲಿ ಬಹಳ ಹಳೆಯದು. ನಾನೂ ಅದನ್ನೇ ನಂಬಿ ಎಲ್ಲ ಡಿಎಂಗಳೂ ಮಾಡುವ ತಪ್ಪು ಮಾಡಿದೆ: ಹುಡುಗನಿಗೆ ಉರಿಯುವ ಕತ್ತಿ ಕೊಟ್ಟೆ. ಈಗ ಏಟಿಗೆ 18. ಖುಷಿಯಾದ, ಸುಳ್ಳಲ್ಲ. ಆದರೆ ಕಾಳಗ ಮೊದಲಿಗಿಂತ ಬೇಗ ಮುಗಿಯತೊಡಗಿತು. ಹಾಗಾಗಿ ಓರ್ಕ್‌ಗಳನ್ನು ಹನ್ನೆರಡು ಮಾಡಿದೆ. ಹನ್ನೆರಡೂ ಒಂದೇ ಕಡೆ ಗುಂಪಾಗಿ ನಿಂತರೆ ಫೈರ್‌ಬಾಲ್‌ಗೆ ಹಬ್ಬ. ಮುಂದಿನ ವಾರ ಅವನು ಉರಿಯುವ ಕತ್ತಿ ಹಿಡಿದುಕೊಂಡೇ ಆಕಳಿಸುತ್ತಿದ್ದ.

ಕಡೆಗೆ ನನ್ನ ನೋಟ್ ಪುಸ್ತಕ ತೆಗೆದೆ. ಪ್ರತಿ ಆಟದಲ್ಲಿ ಎಷ್ಟು ಕಾಳಗ ಆಯಿತು, ಯಾವಾಗ ಮಲಗಿದರು ಅಂತ ಬರೆದಿಡುವ ಅಭ್ಯಾಸ ನನಗೆ ಉಂಟು. ನೋಡಿದರೆ, ಒಂದು ಲಾಂಗ್ ರೆಸ್ಟ್‌ಗೂ (ಖರ್ಚಾದ ಮಂತ್ರವೆಲ್ಲ ವಾಪಸ್ ಬರುವ ರಾತ್ರಿಯ ನಿದ್ದೆ) ಇನ್ನೊಂದಕ್ಕೂ ನಡುವೆ ಒಂದೇ ಕಾಳಗ. ಅಪರೂಪಕ್ಕೆ ಎರಡು. ಬೇರೆ ದಾರಿಯೂ ಇರಲಿಲ್ಲ: ಸಂಜೆ ನಾಲ್ಕಕ್ಕೆ ಶುರು, ಏಳಕ್ಕೆ ಕೆಲವರಿಗೆ ಬಸ್ಸು, ನಡುವೆ ಚಾ, ಗೋಳಿಬಜೆ, ಅರ್ಧ ಗಂಟೆ ಊರ ಸುದ್ದಿ. ಒಂದು ಕಾಳಗ, ಒಂದಿಷ್ಟು ಮಾತುಕತೆ, ಆಟ ಮುಗಿಯಿತು. "ರಾತ್ರಿ ಮಲಗಿ ಬೆಳಿಗ್ಗೆ ಎದ್ದಿರಿ" ಅಂತ ನಾನೇ ಹೇಳಿ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದೆ.

ಅಲ್ಲೇ ಎಡವಟ್ಟಾದದ್ದು. 2014ರಲ್ಲಿ ಬಂದ ಐದನೇ ಆವೃತ್ತಿಯ ಡಿಎಂ ಪುಸ್ತಕ ಒಂದು ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ಲೆಕ್ಕ ಹಾಕುತ್ತದೆ. ಐದನೇ ಲೆವೆಲ್‌ನ ವಿಝರ್ಡ್‌ಗೆ ದಿನಕ್ಕೆ ಒಂಬತ್ತು ಸ್ಪೆಲ್ ಸ್ಲಾಟ್, ಅಂದರೆ ಒಂಬತ್ತು ಸಲ ಮಂತ್ರ ಹಾಕುವ ಅವಕಾಶ: ಮೊದಲ ಮಟ್ಟದ್ದು ನಾಲ್ಕು, ಎರಡನೆಯದು ಮೂರು, ಫೈರ್‌ಬಾಲ್ ಹಾಕಬಹುದಾದ ಮೂರನೆಯದು ಎರಡೇ. ನಡುವೆ ಸ್ವಲ್ಪ ಹೊತ್ತು ಕೂತು ಪುಸ್ತಕ ತಿರುವಿದರೆ ಇನ್ನೊಂದು ವಾಪಸ್ ಸಿಗುತ್ತದೆ. ಆರು ಕಾಳಗಕ್ಕೆ ಇದನ್ನು ಹಂಚಿ ನೋಡಿ, ಕಾಳಗಕ್ಕೆ ಸುಮಾರು ಒಂದೂವರೆ ಮಂತ್ರ. ಉಳಿದ ಹೊತ್ತು ಸ್ಲಾಟ್ ಬೇಡದ ಸಣ್ಣ ಫೈರ್ ಬೋಲ್ಟ್ ಎಸೆಯುತ್ತಾ ಫೈಟರ್‌ನ ಬೆನ್ನ ಹಿಂದೆ ನಿಲ್ಲಬೇಕು. ಫೈಟರ್ ಕತ್ತಿಗೆ ಸ್ಲಾಟ್ ಬೇಡ, ಮೊದಲ ಕಾಳಗದ 22 ಆರನೆಯದರಲ್ಲೂ 22. ನನ್ನ ಮೇಜಿನಲ್ಲಿ ಇಡೀ ದಿನದ ಒಂಬತ್ತು ಸ್ಲಾಟ್ ಒಂದೇ ಕಾಳಗಕ್ಕೆ! ಕಾಳಗ ನಡೆಯುವುದೇ ಮೂರು ನಾಲ್ಕು ರೌಂಡ್. ಜಿಪುಣತನ ಮಾಡುವ ಅಗತ್ಯವೇ ಅವಳಿಗಿರಲಿಲ್ಲ. ಇನ್ನೊಂದು ಮಂತ್ರದ ಕ್ಲಾಸ್ ಆದ ವಾರ್ಲಾಕ್‌ನ ಪಾಡು ಇನ್ನೂ ಕಷ್ಟ: ಎರಡೇ ಸ್ಲಾಟ್, ಶಾರ್ಟ್ ರೆಸ್ಟ್ (ನಡುವಿನ ಸಣ್ಣ ವಿಶ್ರಾಂತಿ) ಮಾಡಿದರೆ ಮತ್ತೆ ಎರಡು, ಆದರೆ ಒಂದೇ ಕಾಳಗದ ದಿನದಲ್ಲಿ ಶಾರ್ಟ್ ರೆಸ್ಟ್ ಯಾಕೆ ಬೇಕು?

ಇದು ನನಗೆ ಸರಿಯಾಗಿ ತಲೆಗೆ ಹೋದದ್ದು ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಕೂತಿದ್ದಾಗ. ನಮ್ಮ ಸಂಬಂಧಿಕರೊಬ್ಬರು ತೆಂಕುತಿಟ್ಟಿನಲ್ಲಿ ಬಣ್ಣದ ವೇಷ ಮಾಡುವವರು. ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ರಾತ್ರಿಯಿಡೀ ಆಟ ಇದ್ದಾಗ ಅವರ ಪ್ರವೇಶ ನಡುರಾತ್ರಿ ಕಳೆದ ಮೇಲೆ. ದೊಂದಿ, ರಾಳದ ಬೆಂಕಿ, ತೆರೆಯ ಹಿಂದಿನಿಂದ ಆರ್ಭಟೆ, ತೂಕಡಿಸುತ್ತಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಿದ್ದರು. ರಂಗದ ಮೇಲೆ ಇದ್ದದ್ದು ಸ್ವಲ್ಪವೇ ಹೊತ್ತು, ಆದರೆ ಬೆಳಿಗ್ಗೆ ಮನೆಗೆ ಹೋಗುವಾಗ ಎಲ್ಲರ ಬಾಯಲ್ಲೂ ಅದೇ. ಪುಂಡುವೇಷಕ್ಕೆ ಧೀಂಗಿಣ, ಹಾಸ್ಯಗಾರರಿಗೆ ಅವರದ್ದೇ ಹೊತ್ತು. ಯಾರೂ ಗಡಿಯಾರ ಹಿಡಿದು ಸಮಪಾಲು ಮಾಡಿದ್ದಲ್ಲ, ರಾತ್ರಿ ಉದ್ದ ಇತ್ತು, ಎಲ್ಲರಿಗೂ ಜಾಗ ಸಿಗುತ್ತಿತ್ತು. ಈಗ ಕಾಲಮಿತಿ, ಕೆಲವೇ ಗಂಟೆಯ ಆಟ. ಪ್ರಸಂಗ ಅದೇ, ವೇಷಗಳೂ ಅವೇ, ಆದರೆ ಪಾತ್ರ ಪ್ರವೇಶದ ಒಡ್ಡೋಲಗಕ್ಕೇ ಮೊದಲು ಕತ್ತರಿ. "ಬಣ್ಣ ಹಾಕಿದಷ್ಟು ಹೊತ್ತು ಕುಣಿಲಿಕ್ಕಿಲ್ಲ ಮಾರಾಯ" ಅಂತ ಅವರು ನಕ್ಕರು. ನನಗೆ ಕಂಕನಾಡಿಯ ಹುಡುಗ ನೆನಪಾದ. ನಾನು ಮಾಡುತ್ತಿದ್ದದ್ದೂ ಇದೇ: ಇಡೀ ರಾತ್ರಿಗೆ ಬರೆದ ಪ್ರಸಂಗವನ್ನು ಮೂರು ಗಂಟೆಗೆ ಇಳಿಸಿ, ಆಮೇಲೆ ವೇಷಧಾರಿಯದ್ದೇ ತಪ್ಪು ಅನ್ನುವುದು.

ಕ್ಲಾಸ್‌ಗಳ ನಡುವಿನ ಸಮತೋಲ ಈ ಆಟದಲ್ಲಿ ಮೊದಲಿನಿಂದಲೂ ಹೀಗೆ ಕಾಲದ ಮೇಲೆಯೇ ನಿಂತದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಆಟ ತಂದಾಗ ಇದ್ದದ್ದು ಮೂರೇ ಕ್ಲಾಸ್, ಕಳ್ಳ (ಈಗಿನ ರೋಗ್) ಬಂದದ್ದು 1975ರ ಪುರವಣಿಯಲ್ಲಿ. ಹಳೆಯ ಆವೃತ್ತಿಗಳಲ್ಲಿ ಎರಡನೇ ಲೆವೆಲ್‌ಗೆ ಏರಲು ಎಲ್ಲರಿಗೂ ಒಂದೇ ಅಂಕ ಅಲ್ಲ. 1989ರ ಎರಡನೇ ಆವೃತ್ತಿಯಲ್ಲಿ ಕಳ್ಳನಿಗೆ 1,250 ಸಾಕು, ಫೈಟರ್‌ಗೆ 2,000, ಮಂತ್ರವಾದಿಗೆ 2,500. ಮಂತ್ರವಾದಿ ಒಂದೇ ಮಂತ್ರ ಇಟ್ಟುಕೊಂಡು, ನಾಲ್ಕುಮುಖದ ದಾಳದಷ್ಟು ಜೀವ ಹಿಡಿದುಕೊಂಡು ತಿಂಗಳುಗಟ್ಟಲೆ ಹೆದರಿ ಬದುಕಬೇಕಿತ್ತು, ಬದುಕಿದರೆ ಆಮೇಲೆ ಅವನೇ ರಾಜ. 2000ದಲ್ಲಿ ಮೂರನೇ ಆವೃತ್ತಿ ಲೆವೆಲ್ ಏರಲು ಎಲ್ಲರಿಗೂ ಒಂದೇ ಪಟ್ಟಿ ಮಾಡಿತು. ಬೆಲೆ ಇಳಿಸಿದರು, ಸರಕು ಹಾಗೆಯೇ ಇಟ್ಟರು. 2008ರ ನಾಲ್ಕನೆಯದು ಫೈಟರ್‌ಗೂ ವಿಝರ್ಡ್‌ಗೂ ಒಂದೇ ಅಳತೆ ಇಟ್ಟಿತು: ಬೇಕಾದಾಗ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವುದು, ದಿನಕ್ಕೊಮ್ಮೆ ಬಳಸುವುದು. ಎಲ್ಲ ಕ್ಲಾಸೂ ಒಂದೇ ಥರ ಅಂತ ಜನ ಬೈದರು. ನನಗೆ ಅದು ಇಷ್ಟ, ಹೇಳಿದರೆ ಮಣಿಪಾಲದ ಮೇಜಿನವರು ಈಗಲೂ ನಗುತ್ತಾರೆ. 2024ರ ಪುಸ್ತಕ ಆಯುಧ ಹಿಡಿಯುವವರಿಗೆ ವೆಪನ್ ಮಾಸ್ಟರಿ ಅನ್ನುವ ಆಯುಧದ ಕೈಚಳಕ ಕೊಟ್ಟಿದೆ, ಕತ್ತಿಗೆ ಸ್ವಲ್ಪ ಬಣ್ಣ ಬಂದಿದೆ.

ನಾನು ಮಾಡಿದ ಬದಲಾವಣೆ ಸಣ್ಣದು. ಆಟ ಮುಗಿದರೆ ದಿನ ಮುಗಿಯುವುದಿಲ್ಲ. ಏಳು ಗಂಟೆಗೆ ಎಲ್ಲರೂ ಮನೆಗೆ ಹೋಗಲಿ, ಪಾತ್ರಗಳು ಗುಹೆಯಲ್ಲೇ ನಿಂತಿರುತ್ತವೆ, ಎಷ್ಟು ಸ್ಲಾಟ್ ಉಳಿದಿದೆ ಅಂತ ನಾನು ಬರೆದುಕೊಳ್ಳುತ್ತೇನೆ. ಶಾರ್ಟ್ ರೆಸ್ಟ್ ಎಂಟು ಗಂಟೆ, ಲಾಂಗ್ ರೆಸ್ಟ್ ಏಳು ದಿನ ಅನ್ನುವ ಐಚ್ಛಿಕ ನಿಯಮ 2014ರ ಪುಸ್ತಕದಲ್ಲೇ ಇದೆ, ಅದನ್ನೂ ಸೇರಿಸಿದೆ. ಆದರೆ ಬರೀ ನಿಯಮ ಹೇಳಿದರೆ ಆಟಗಾರರು ಮುಖ ಊದಿಸುತ್ತಾರೆ, ಕತೆಯಲ್ಲಿ ಕಾರಣ ಬೇಕು. ನಾನು ಆಟಿ ತಿಂಗಳ ಮಳೆ ತಂದೆ. ದ್ವೀಪಕ್ಕೆ ಬಿಟ್ಟುಹೋದ ದೋಣಿ ಕಡಲು ತಣಿಯುವವರೆಗೆ ವಾಪಸ್ ಬರುವುದಿಲ್ಲ. ಒಣಗಿದ ಜಾಗ ಇರುವುದು ಓರ್ಕ್‌ಗಳ ಹತ್ತಿರ ಮಾತ್ರ. ನಮ್ಮ ಕಡೆಯ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಾ?

ವಿಝರ್ಡ್ ಹುಡುಗಿ ಜಗಳಕ್ಕೆ ಬಂದಳು. "ಇದು ಮೋಸ ಅಣ್ಣಾ, ಮೊದಲೇ ಹೇಳಿದ್ರೆ ಬೇರೆ ಮಂತ್ರ ಕಲೀತಿದ್ದೆ." ಅವಳು ಹೇಳಿದ್ದು ಸರಿ. ಕಲಿತ ಮಂತ್ರ ಬದಲಿಸಲು ಬಿಟ್ಟೆ. ಮುಂದಿನ ಮೂರು ಭಾನುವಾರದಲ್ಲಿ, ಅಂದರೆ ದ್ವೀಪದ ಒಂದೇ "ದಿನ"ದಲ್ಲಿ, ಐದು ಕಾಳಗ ಆಯಿತು. ಒಂದು ಬಾಗಿಲಿಗೆ ಬೀಗ ಇತ್ತು. ಮೊದಲಾಗಿದ್ದರೆ ಅವಳು ಯೋಚನೆ ಮಾಡದೆ ನಾಕ್ ಮಂತ್ರ ಹಾಕುತ್ತಿದ್ದಳು, ರೋಗ್ ಹುಡುಗ ಕಡ್ಡಿ ತೆಗೆಯುವ ಮೊದಲೇ ಬಾಗಿಲು ತೆರೆದಿರುತ್ತಿತ್ತು. ಈಗ ಎರಡನೇ ಮಟ್ಟದ ಸ್ಲಾಟ್ ಉಳಿದದ್ದು ಒಂದೇ, ಮೇಲಾಗಿ ಆ ಮಂತ್ರದ ಸದ್ದು 300 ಅಡಿ ದೂರಕ್ಕೆ ಕೇಳುತ್ತದೆ. ಅವಳು ರೋಗ್ ಕಡೆ ತಿರುಗಿ "ನೀನೇ ನೋಡು" ಅಂದಳು. ಅವನು ದಾಳ ಹಾಕುವ ಮೊದಲು ಕೈ ಒರೆಸಿಕೊಂಡ.

ಐದನೇ ಕಾಳಗದಲ್ಲಿ ಸ್ಲಾಟ್ ಎಲ್ಲ ಖಾಲಿ. ಕಂಕನಾಡಿಯ ಹುಡುಗ ಇಕ್ಕಟ್ಟಾದ ಬಾಗಿಲಲ್ಲಿ ಅಡ್ಡ ನಿಂತು ಆರು ರೌಂಡ್ ಹೊಡೆದ. ಟರ್ನ್ ಬಂದಾಗಲೆಲ್ಲ ಕುರ್ಚಿಯಿಂದ ಏಳುತ್ತಿದ್ದ, ಉರಿಯುವ ಕತ್ತಿಯ ಲೆಕ್ಕ ಎರಡು ಸಲ ಮರೆತ, ಏಳು ಗಂಟೆಯ ಬಸ್ಸೂ ತಪ್ಪಿತು.

ದಾಳ ತುಂಬುವಾಗ ಈ ಸಲ ಕ್ಲೆರಿಕ್ ಆಡುವ ಹುಡುಗಿ ಹತ್ತಿರ ಬಂದಳು. ಐದು ಕಾಳಗದಲ್ಲೂ ಇವನಿಗೆ ಮುಲಾಮು ಹಚ್ಚಿದ್ದೇ ಆಯಿತು, ನಾನೇನು ನರ್ಸಾ ಅಂತ ಕೇಳಿದಳು. ಅದಕ್ಕಿನ್ನೂ ನನ್ನ ಹತ್ತಿರ ಉತ್ತರ ಇಲ್ಲ. ಈ ವಾರ ಅವಳ ದೇವರಿಗೆ ದ್ವೀಪದಲ್ಲಿ ಒಂದು ಹಾಳು ಗುಡಿ ಬರೆಯುತ್ತಿದ್ದೇನೆ.